ಅಪ್ಪ ಬರೀತಿದ್ದಾರೆ
ಡ್ಯೂಕರ ರಂಗಮಂದಿರದ ನಟರು ಮಾತು ಬಾಯಿಪಾಠ ಮಾಡುವ ಗೋಜಿಗೇ ಹೋಗುತ್ತಿರಲಿಲ್ಲ. ವಾರಕ್ಕೆ ಮೂರು ನಾಟಕವಾದರೆ ಯಾರ ತಲೆಯಲ್ಲಿ ನಿಂತೀತು? ರಂಗದ ಮುಂಭಾಗದಲ್ಲಿ ನೆಲ ಕೊರೆದು ಮಾಡಿದ ಗುಂಡಿಯೊಂದಿತ್ತು. ಮಾತು ಹೇಳಿಕೊಡಲು ಪುಸ್ತಕ, ಮೋಂಬತ್ತಿ ಇಟ್ಟುಕೊಂಡು ರೆಗೀನಾ ಅದರೊಳಗೆ ಕೂರುತ್ತಿದ್ದಳು. ಎಂಥ ಮಹಾರಾಜನಾದರೂ ಅವಳು ಪಿಸುಗುಟ್ಟಿದ ಮೇಲೆಯೇ ಗರ್ಜಿಸಬೇಕು. ಹದಿನಾಲ್ಕು ವರ್ಷದಲ್ಲಿ ಅವಳು ಒಂದು ಮಾತೂ ತಪ್ಪಿಸಿರಲಿಲ್ಲ.

ನಾಟಕ ಬರೆಯುತ್ತಿದ್ದವನು ಅವಳ ಗಂಡ ಎಹ್ರೆನ್‌ಫ್ರೀಡ್ ಲೋಸಿಯಸ್. ದೊಡ್ಡ ಕವಿ, ಅದರಲ್ಲಿ ಎರಡು ಮಾತಿಲ್ಲ. ಅವನ ಸಾಲುಗಳನ್ನು ಕದ್ದೇ ಹುಡುಗರು ಪ್ರೇಮಪತ್ರ ಬರೆಯುತ್ತಿದ್ದರು. ಅವನು ಬರೆಯಲು ಕೂತರೆ ಮನೆಯಲ್ಲಿ ಚಮಚದ ಸದ್ದೂ ಆಗಕೂಡದು.

ಹೊಸ ನಾಟಕದ ಮೂರನೇ ಅಂಕ ತಿರುವಿದಾಗ ರೆಗೀನಾಳ ಕೈ ನಿಂತಿತು. ಅರಸಿಯೊಬ್ಬಳು ಸಾಯುತ್ತಿರುವ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಹೇಳುತ್ತಾಳೆ: “ಮೆಲ್ಲಗೆ ಅಳು ಕಂದಾ, ಅಪ್ಪ ರಾಜ್ಯ ಆಳುತ್ತಿದ್ದಾರೆ.”

ಕಳೆದ ಚಳಿಗಾಲ ಸಿಡುಬಿನಲ್ಲಿ ಬೇಯುತ್ತಿದ್ದ ಆರು ವರ್ಷದ ಮಗಳು ಲೆನ್‌ಹೆನ್‌ಗೆ ಅವಳು ಹೇಳಿದ್ದೂ ಇದನ್ನೇ. “ಮೆಲ್ಲಗೆ ಅಳು ಕಂದಾ, ಅಪ್ಪ ಬರೀತಿದ್ದಾರೆ.” ಆಗ ಬಾಗಿಲಾಚೆ ಲೇಖನಿಯ ಕರಕರ ನಿಂತಿತ್ತು. ಈಗ ಬರುತ್ತಾನೆ, ಮಗುವನ್ನು ನೋಡುತ್ತಾನೆ ಎಂದು ಅವಳು ಕಾದಳು. ಬರಲಿಲ್ಲ. ಕರಕರ ಮತ್ತೆ ಶುರುವಾಯಿತು. ಅಂದು ಅವನು ಬರೆದುಕೊಂಡದ್ದು ಏನೆಂದು ಅವಳಿಗೆ ಇಂದು ತಿಳಿಯಿತು.

“ಇದೊಂದು ಮಾತು ತೆಗೀರಿ. ನಿಮ್ಮ ಕಾಲಿಗೆ ಬೀಳ್ತೀನಿ,” ತಿಂಡಿಗೆ ಕೂತ ಗಂಡನಿಗೆ ಅಂದಳು. “ಇದು ನಂದು, ನನ್ನ ಮಗೂದು. ಊರೋರ ಮುಂದೆ ಬೇಡ.”

“ಇಡೀ ನಾಟಕ ನಿಂತಿರೋದೇ ಆ ಸಾಲಿನ ಮೇಲೆ ಕಣೆ.”

“ಅದನ್ನ ಹೇಳ್ಕೊಡೋಳು ನಾನೇ ಅಲ್ವೇನ್ರೀ? ನನ್ನ ಕೈಲಾಗುತ್ತಾ?”

“ಮಕ್ಕಳು ಎಲ್ಲರ ಮನೇಲೂ ಸಾಯ್ತವೆ,” ಎಂದ ಅವನು, ಮೊಟ್ಟೆಯ ಸಿಪ್ಪೆ ಸುಲಿಯುತ್ತ. “ಸತ್ತಿದ್ದಕ್ಕೆ ಒಂದು ಸಾರ್ಥಕತೆ ಎಷ್ಟು ಮಕ್ಕಳಿಗೆ ಸಿಗುತ್ತೆ ಹೇಳು? ಉಪ್ಪು ಕೊಡು.”

ಉಪ್ಪು ಕೊಟ್ಟಳು. ಆ ಮಾತನ್ನು ಮಾತ್ರ ಕೊಡಬಾರದೆಂದು ಅವಳು ಅಲ್ಲೇ ನಿರ್ಧರಿಸಿದಳು. ನಟಿ ತೊದಲಲಿ, ಜನ ಸಿಳ್ಳೆ ಹೊಡೆಯಲಿ, ಆ ದೃಶ್ಯ ಮಣ್ಣುಗೂಡಲಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ, ಇಲಿಗೂ ಹಲ್ಲಿರುತ್ತದೆ.

ಮೊದಲ ಪ್ರದರ್ಶನಕ್ಕೆ ಡ್ಯೂಕರೇ ಬಂದಿದ್ದರು. ಮೂರನೇ ಅಂಕದಲ್ಲಿ ಅರಸಿಯ ವೇಷದ ಯೂಲಿಯಾನೆ ಬಟ್ಟೆ ಸುತ್ತಿದ ಬೊಂಬೆಯನ್ನು ತೊಡೆಗಿಟ್ಟುಕೊಂಡು ಗುಂಡಿಯತ್ತ ಕಿವಿ ಕೊಟ್ಟಳು. ರೆಗೀನಾ ಪುಸ್ತಕ ಮುಚ್ಚಿದಳು.

“ಅಕ್ಕಾ, ಮಾತು!” ಯೂಲಿಯಾನೆ ಹಲ್ಲು ಕಚ್ಚಿ ಉಸುರಿದಳು. “ಮಾತು ಕೊಡೇ ಪುಣ್ಯಾತ್ಗಿತ್ತಿ!”

ರೆಗೀನಾ ತುಟಿ ಬಿಗಿದಳು. ಒಳಗಿನಿಂದ ಮಾತು ಒತ್ತಿ ಬರುತ್ತಿತ್ತು. ಗದ್ದ ನಡುಗಿತು, ಕತ್ತಿನ ನರ ಉಬ್ಬಿತು. ಯೂಲಿಯಾನೆ ಅವಳನ್ನು ದಿಟ್ಟಿಸಿದಳು. ಬೇರೆ ಗತಿಯಿಲ್ಲದೆ ಆ ಮುಖವನ್ನೇ ತೊಟ್ಟಳು. ಅದೇ ಬಿಗಿದ ತುಟಿ, ಅದೇ ನಡುಗುವ ಗದ್ದ. ಸಭೆ ಉಸಿರು ಬಿಗಿಹಿಡಿಯಿತು. ಮೇಲಿನ ಸಾಲಿನಲ್ಲಿ ಒಬ್ಬಳು ಬಿಕ್ಕಿದಳು, ಆಮೇಲೆ ಹತ್ತು ಮಂದಿ. ಡ್ಯೂಕರು ಕರವಸ್ತ್ರ ತೆಗೆದರು.

ಪರದೆ ಬಿದ್ದೊಡನೆ ಎಹ್ರೆನ್‌ಫ್ರೀಡ್ ಓಡಿಬಂದು ಗುಂಡಿಗೆ ಬಗ್ಗಿದ. ಹೊಡೆಯುತ್ತಾನೆಂದು ಅವಳು ಕಣ್ಣು ಮುಚ್ಚಿದಳು. ಅವನು ಹಣೆಗೆ ಮುತ್ತಿಟ್ಟ.

“ಆ ಸಾಲು ಹೊಡೆದುಹಾಕ್ದೆ ಕಣೆ! ನೀನು ಕೇಳಿದ್ದೂ ಅದೇ ತಾನೆ? ಅಲ್ಲಿ ಮಾತೇ ಬೇಡ. ನಾಳೆಯಿಂದ ಆ ಜಾಗ ಬಂದಾಗ ಮೋಂಬತ್ತೀನ ಮುಖದ ಹತ್ರ ಹಿಡ್ಕೋ. ಯೂಲಿಯಾನೆಗೆ ನೀನು ಕಾಣ್ಬೇಕು.”

ಮರುದಿನ ಮೂರನೇ ಅಂಕ ಬಂದಾಗ ರೆಗೀನಾ ಮೋಂಬತ್ತಿ ಊದಿ ಆರಿಸಿದಳು. ಮೊಣಕಾಲುಗಳ ನಡುವೆ ಮುಖ ಹುದುಗಿಸಿ, ಮೇಲೆ ಯೂಲಿಯಾನೆ ತಡಬಡಿಸುವುದಕ್ಕೆ ಕಾದಳು. ರಂಗದ ಮೇಲೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಸಭೆಯಿಂದ ಅಳು ಕೇಳಿಸಿತು, ನಿನ್ನೆಗಿಂತ ಜೋರಾಗಿ. ಯೂಲಿಯಾನೆಗೆ ಆ ಮುಖ ಆಗಲೇ ಬಾಯಿಪಾಠವಾಗಿಬಿಟ್ಟಿತ್ತು.