ಟೈರ್ ಓಣಿಯ ಸರದಿ

"ಅಪ್ಪನ ಅಂಗಿ ಜೇಬು ಒಂದ್ಸಲ ನೋಡಮ್ಮ, ಚೀಟಿ ಇರ್ಬೇಕು," ಎಂದು ಮೇಸ್ತ್ರಿ ಕೇಳುವ ಹೊತ್ತಿಗೆ ಮಗಳ ಕೈ ಆಗಲೇ ಜೇಬಿನೊಳಗಿತ್ತು. ಅಪ್ಪ ಇಪ್ಪತ್ತೆಂಟು ವರ್ಷ ಊರಿನ ಸೊಳ್ಳೆ ಇನ್‌ಸ್ಪೆಕ್ಟರು. ಇದ್ದದ್ದು ಮೇಸ್ತ್ರಿ ಸೇರಿ ಆರು ಆಳು, ಒಂದು ಹೊಗೆ ಯಂತ್ರ. ನಾಳೆ ಯಾವ ಬೀದಿಗೆ ಮೊದಲು ಎಂದು ಸಂಜೆಯೇ ಚೀಟಿ ಬರೆದಿಡುವುದು ಅವರ ಕೆಲಸ. ನಿನ್ನೆಯೂ ಬರೆದು, ಎದೆ ಹಿಡಿದುಕೊಂಡು ಕುರ್ಚಿಯಲ್ಲೇ ಒರಗಿದ್ದರು.

ಚೀಟಿಯಲ್ಲಿ ಒಂದೇ ಸಾಲು: ಟೈರ್ ಓಣಿ, ಒಂಬತ್ತು ಮನೆಯಲ್ಲಿ ಜ್ವರ, ಆರೂ ಜನ ಬೇಕು.

ಆ ಆರೂ ಜನ ಚಟ್ಟಕ್ಕೆ ಹೆಗಲು ಕೊಡಲು ಅಂಗಳದಲ್ಲಿ ನಿಂತಿದ್ದರು.

ಅಷ್ಟರಲ್ಲಿ ಗೇಟಿನಾಚೆ ಗುಡುಗುಡು ಸದ್ದಾಯಿತು. ಕಚೇರಿಯ ದೊಡ್ಡ ಸಾಹೇಬರು ಅಪ್ಪನ ಗೌರವಕ್ಕೆಂದು ಹೊಗೆ ಯಂತ್ರವನ್ನೇ ಕಳಿಸಿಬಿಟ್ಟಿದ್ದರು. ಬೀದಿಯೆಲ್ಲ ಬೆಳ್ಳಗಾಯಿತು. ಅಳುತ್ತಿದ್ದವರು ಕೆಮ್ಮತೊಡಗಿದರು. ಅಮ್ಮನಿಗೆ ಸಮಾಧಾನ ಹೇಳಲು ಬಂದ ಅತ್ತೆ ಹೊಗೆಯಲ್ಲಿ ಗುರುತು ಸಿಗದೆ ಮೇಸ್ತ್ರಿಯನ್ನು ತಬ್ಬಿಕೊಂಡು ಗೋಳಾಡಿದಳು.

"ಇಷ್ಟು ವರ್ಷ ಕಾಲಿಗೆ ಬಿದ್ರೂ ನಮ್ಮ ಬೀದಿಗೆ ಕಳಿಸ್ಲಿಲ್ಲ," ಎಂದ ಎದುರು ಮನೆಯ ದರ್ಜಿ. "ಅವರು ಹೋದ್ಮೇಲೆ ಬಂತು ನೋಡಿ."

*

ಹತ್ತು ವರ್ಷದವಳಿದ್ದಾಗ ಮಗಳಿಗೂ ಜ್ವರ ಬಂದಿತ್ತು. "ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಅಮ್ಮ ಅತ್ತಿದ್ದಳು. ಅಪ್ಪ ಮನೆಯ ಡ್ರಮ್ಮಿನಿಂದ ಒಂದು ಸೌಟು ನೀರೆತ್ತಿ ಬೆಳಕಿಗೆ ಹಿಡಿದರು; ಅದರಲ್ಲಿ ಸೊಳ್ಳೆಯ ಮರಿಹುಳಗಳು ಮಿಸುಕುತ್ತಿದ್ದವು.

"ಹೊಗೆ ಕಂಡ್ರೆ ಜನಕ್ಕೆ ಸಮಾಧಾನ, ಅಷ್ಟೇ. ಸೊಳ್ಳೆ ಹುಟ್ಟೋದು ನೀರಲ್ಲಿ. ಇಲ್ಲಿ ಒಂದೇ ಮನೇಲಿ ಜ್ವರ, ಆಚೆ ಬೀದೀಲಿ ಏಳು ಮನೇಲಿ."

ಡ್ರಮ್ ಬೋರಲು ಹಾಕಿ ಸೈಕಲ್ ಹತ್ತಿ ಹೋಗಿಯೇಬಿಟ್ಟರು. ಸಂಜೆ ಬಂದು ಅವಳ ಕಾಲು ಒತ್ತುತ್ತ ಕೂತರು. ಬಿಟ್ಟುಹೋದದ್ದನ್ನು ಕ್ಷಮಿಸಿದ್ದಳೋ ಇಲ್ಲವೋ, ಅವಳಿಗೇ ಇನ್ನೂ ಗೊತ್ತಿಲ್ಲ.

*

"ಏನ್ಮಾಡೋಣಮ್ಮ?" ಮೇಸ್ತ್ರಿ ಚೀಟಿ ನೋಡಿ ತಲೆ ಕೆರೆದುಕೊಂಡ. "ಹೋದ್ರೆ ಇನ್‌ಸ್ಪೆಕ್ಟ್ರಿಗೆ ಹೆಗಲು ಕೊಡಲಿಲ್ಲ ಅನ್ನೋ ಕೊರಗು. ಹೋಗ್ದಿದ್ರೆ ಅವರ ಮಾತು ಮೀರಿದ ಹಾಗೆ."

ಅವಳು ಚೀಟಿ ಇಸಿದುಕೊಂಡು ಮತ್ತೊಮ್ಮೆ ಓದಿದಳು.

ಇದೊಂದು ದಿನವಾದರೂ ಅಪ್ಪ ಮನೆಯವರಿಗೆ ಮೊದಲು ಸಿಗಬಾರದೇ ಎಂದು ಅವಳಿಗೆ ಅನ್ನಿಸಿತು. ಬಾಯಿಂದ ಬಂದದ್ದೇ ಬೇರೆ. "ಮೊದ್ಲು ಆ ಯಂತ್ರ ನಿಲ್ಸಿ. ನೀವೆಲ್ಲ ಓಣಿಗೆ ಹೋಗಿ."

ದರ್ಜಿ ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ, ಯಾಕೋ, ಕುತ್ತಿಗೆಯಲ್ಲಿದ್ದ ಅಳತೆ ಟೇಪು ಜೇಬಿಗೆ ತುರುಕಿ ಚಟ್ಟದ ಮುಂದಿನ ತುದಿಗೆ ಹೆಗಲು ಕೊಟ್ಟ. ಅವನ ಹಿಂದೆ ಬೀದಿಯವರೂ ಬಂದರು, ಮಗಳೂ ಹೊರಟಳು.

ಸ್ಮಶಾನದ ದಾರಿ ಟೈರ್ ಓಣಿಯ ಮೂಲಕವೇ ಹೋಗುತ್ತಿತ್ತು. ಆರೂ ಜನ ಹಳೆಯ ಟೈರುಗಳನ್ನು ರಸ್ತೆ ತುಂಬ ಹರವಿ ನೀರು ಚೆಲ್ಲುತ್ತಿದ್ದರು. "ಸ್ವಲ್ಪ ತಡೀರಿ, ಇನ್ನೊಂದು ಸಾಲು ಇದೆ," ಎಂದು ಮೇಸ್ತ್ರಿ ಬಗ್ಗಿದಲ್ಲಿಂದಲೇ ಕೂಗಿದ. ತಲೆಯೆತ್ತಿ, ಬಂದವರು ಯಾರೆಂದು ಕಂಡು ಕೈಯಲ್ಲಿದ್ದ ಟೈರನ್ನು ಕೆಳಗಿಟ್ಟ.

ಮುಂದೆ ಹೋಗಬೇಕೋ ನಿಲ್ಲಬೇಕೋ ತಿಳಿಯದೆ ಹೊತ್ತವರು ನಿಂತೇ ಇದ್ದರು. ಅಪ್ಪ ಅವರ ಹೆಗಲ ಮೇಲೆ ತಮ್ಮ ಸರದಿ ಕಾಯುತ್ತಿದ್ದರು. ಮಗಳು ಹತ್ತಿರದ ಟೈರನ್ನು ಎತ್ತಿ ವಾಲಿಸಿದಳು. ಹುಳ ತುಂಬಿದ ನೀರು ಹೊತ್ತವರ ಪಾದಗಳ ನಡುವೆ ಹರಿದು ಬಿಸಿಲಲ್ಲಿ ಹರಡಿತು.