ತಾತನ ನೋಟುಪುಸ್ತಕದ ಉತ್ತರ

ಮಗಳ ಬಿಳಿ ಶಾಲೆಯಂಗಿಯ ಎಡತೋಳಿಗೆ ಇಸ್ತ್ರಿ ಮುಗಿಸಿ ನಿಲ್ದಾ ಬಲತೋಳನ್ನು ಹಲಗೆಯ ಮೇಲೆ ಹರವಿದ್ದಳಷ್ಟೆ. ಅವಳ ಅಮ್ಮ ಇರ್ಮಾ ಒಳಕೋಣೆಯಿಂದ ಬಂದು ಹಳೆಯ ನೋಟುಪುಸ್ತಕವೊಂದನ್ನು ಆ ತೋಳಿನ ಮೇಲೇ ಇಟ್ಟಳು.

"ನಿಮ್ಮಪ್ಪಂದು. ಇದೇ ಪರೀಕ್ಷೆಗೆ ಬರೆದಿದ್ರು. ನಿನ್ನೆ ಚೀಟಿ ಎತ್ತಿದಾಗ ನಿಂಗೆ ಬಂತಲ್ಲ, ಆ ವಿಷಯ ಇದರಲ್ಲೂ ಇದೆ."

"ಅಮ್ಮಾ, ಹತ್ತು ಗಂಟೆಗೆ ನಾನು ಪರೀಕ್ಷಕರ ಮುಂದೆ ಪಾಠ ಮಾಡ್ಬೇಕು. ಈಗ ತರೋದಾ ಇದನ್ನ?"

"ಬೇಡಾಂದ್ರೆ ಬಿಡು. ಒಲೆ ಹಚ್ಚೋಕಾಗತ್ತೆ."

ಎಂಟು ವರ್ಷದ ಮಲೇನಾ ಕೊರಳಿಗೆ ಕಟ್ಟುವ ನೀಲಿ ರಿಬ್ಬನ್ ಹಿಡಿದು ಅಂಗಿಗಾಗಿ ಕಾಯುತ್ತಿದ್ದಳು. ನೋಟುಪುಸ್ತಕದ ಕಡೆ ಕತ್ತು ಚಾಚಿದಳು.

ಸಾಲ್ತೊ ಊರಿನ ಪ್ರೌಢಶಾಲೆಯಲ್ಲಿ ತತ್ವಶಾಸ್ತ್ರ ಕಲಿಸುವ ಕಾಯಂ ಹುದ್ದೆ ಇದ್ದದ್ದು ಒಂದೇ. ಹನ್ನೊಂದು ವರ್ಷದಿಂದ ತಾತ್ಕಾಲಿಕ ಶಿಕ್ಷಕಿಯಾಗಿದ್ದ ನಿಲ್ದಾ ಪ್ರತಿ ಬೇಸಿಗೆಯಲ್ಲೂ ಇಲಾಖೆಯ ಸಭಾಂಗಣದಲ್ಲಿ ಸಾಲು ನಿಂತು, ಹಿರಿಯರೆಲ್ಲ ಆರಿಸಿಕೊಂಡು ಬಿಟ್ಟ ಪೀರಿಯಡ್ಡುಗಳನ್ನು ಎತ್ತಿಕೊಳ್ಳುತ್ತಿದ್ದಳು. ಮೂರು ಊರು, ಮೂರು ಶಾಲೆ, ದಿನಕ್ಕೆ ನಾಲ್ಕು ಬಸ್ಸು. ಇಂದು ಗೆದ್ದರೆ ಆ ಅಲೆದಾಟ ಮುಗಿಯುತ್ತಿತ್ತು. ಚೀಟಿಯಲ್ಲಿ ಬಂದ ಪಾಠದ ವಿಷಯ: ತತ್ವಶಾಸ್ತ್ರ ನಿಜಕ್ಕೂ ಮುಂದೆ ಸಾಗಿದೆಯೇ?

ನಿನ್ನೆ ಇಡೀ ದಿನ ಕೂತು ಬರೆದಿದ್ದಳು. ಹಿಂದಿನವರು ಕಂಡುಕೊಂಡ ಔಷಧಿ ಇಂದಿನ ವೈದ್ಯನ ಕೈಗೆ ಸಿದ್ಧವಾಗಿ ಸಿಗುತ್ತದೆ. ನಮ್ಮ ತತ್ವಶಾಸ್ತ್ರದಲ್ಲಿ ಹಾಗಲ್ಲ. ಇಲ್ಲಿ ಉತ್ತರವನ್ನು ಯಾರೂ ಯಾರಿಗೂ ಬಿಟ್ಟುಹೋಗಲಾರರು, ಪ್ರತಿಯೊಬ್ಬರೂ ಮೊದಲಿನಿಂದ ಹುಡುಕಬೇಕು. ಈ ಮಾತು ಹೊಳೆದಾಗ ಒಬ್ಬಳೇ ನಕ್ಕಿದ್ದಳು.

ನೋಟುಪುಸ್ತಕ ತೆರೆದಳು. ಅದೇ ವೈದ್ಯ. ಅದೇ ಔಷಧಿ. ಕೊನೆಯ ವಾಕ್ಯವೂ ಅದೇ, ಅಪ್ಪನ ಓರೆ ಅಕ್ಷರದಲ್ಲಿ. ಅವರು ಬಟ್ಟೆ ಮಡಿಸುತ್ತ ಇದನ್ನು ಗಟ್ಟಿಯಾಗಿ ಹೇಳಿಕೊಳ್ಳುವಾಗ ಪುಟ್ಟ ನಿಲ್ದಾ ಇದೇ ಹಲಗೆಯ ಕೆಳಗೆ ಆಡುತ್ತ ಕೇಳಿಸಿಕೊಂಡಿರಬೇಕು.

"ಅಪ್ಪ ಪಾಸಾದ್ರಾ?"

"ಎಲ್ಲಿ. ಹೊಸದೇನೂ ಇಲ್ಲ ಅಂದ್ರಂತೆ." ಇರ್ಮಾ ಸೋರೆಬುರುಡೆಯ ಬಟ್ಟಲಿನಿಂದ ಬಿಸಿ ಎಲೆಕಷಾಯ ಹೀರಿ, ಬಟ್ಟಲನ್ನು ಮಗಳತ್ತ ಚಾಚಿದಳು. "ಕುಡಿ. ನಿಮ್ಮಪ್ಪಂಗೂ ಹಿಂಗೇ ಮುಖ ಬಿಳಿಚಿಕೊಂಡಿತ್ತು."

ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ನಿಲ್ದಾ ತನ್ನ ಹಾಳೆಗಳಲ್ಲಿ ವೈದ್ಯನನ್ನು ಹೊಡೆದುಹಾಕಿದಳು. ಬೇರೆ ಯಾರೂ ಹೊಳೆಯಲಿಲ್ಲ. ಹೊಡೆದ ಗೆರೆಯ ಮೇಲೆ ಅವನನ್ನೇ ಮತ್ತೆ ಬರೆದಳು.

"ಅಮ್ಮಾ, ಅಂಗಿ."

ನೋಟುಪುಸ್ತಕವನ್ನೂ ಹಾಳೆಗಳನ್ನೂ ಹಲಗೆಯ ತುದಿಗೆ ಸರಿಸಿ, ಬಲತೋಳಿಗೆ ಇಸ್ತ್ರಿ ಎಳೆದು ಮಗಳಿಗೆ ತೊಡಿಸಿದಳು. ಬೆಚ್ಚಗಿನ ಕಾಲರಿನ ಕೆಳಗೆ ರಿಬ್ಬನ್ ಕಟ್ಟುತ್ತಿರುವಾಗ ಮಲೇನಾ, ಹಲಗೆಯ ಮೇಲೆ ಅಕ್ಕಪಕ್ಕ ಬಿದ್ದಿದ್ದ ಎರಡು ಬರಹಗಳ ಕೊನೆಯ ಸಾಲನ್ನೂ ಓದಿ, ಕೇಳಿದಳು.

"ಅಮ್ಮಾ, ದೊಡ್ಡೋಳಾದ್ಮೇಲೆ ನಾನೂ ಇದನ್ನೇ ಬರೀಬೇಕಾ?"