ಒಳಗಿನ ಏಣು

ಪರದೆ ಮತ್ತೆ ಕಪ್ಪಾಯಿತು. ಆ ಬೆಳಿಗ್ಗೆ ಅದು ಎರಡನೇ ಸಲ. ಕುರ್ಚಿಯ ತುದಿಯಲ್ಲಿ ಕೂತಿದ್ದವನು ಎರಡೂ ಕೈಗಳಿಂದ ಮೇಜನ್ನು ತಳ್ಳಿ ಎದ್ದ, ಕಿಟಕಿಯ ತನಕ ಹೋದ, ಅಲ್ಲಿ ನೋಡುವಂಥದ್ದೇನೂ ಕಾಣದೆ ವಾಪಸು ಬಂದ. “ನಿನ್ನ ಮನೆ ಹಾಳಾಗ,” ಎಂದು ಕಂಪ್ಯೂಟರಿಗೆ ಬೈದ. ಮತ್ತೆ ಕೂತ. ಕೂತವನ ಮೊಣಕಾಲು ಮೇಜಿನ ಕೆಳಗೆ ತಾನೇ ತಾನಾಗಿ ಕುಣಿಯತೊಡಗಿತು.

ಕೃತಕ ಕಾಲುಗಳನ್ನು ಮಾಡುವ ಆ ಕಾರ್ಯಾಗಾರದಲ್ಲಿ ಅವನಿಗೆ ಗಡಿಬಿಡಿ ಎಂದೇ ಹೆಸರು. ಎದುರಿಗೆ ಸರ್ ಎನ್ನುವವರೂ ಬೆನ್ನ ಹಿಂದೆ ಗಡಿಬಿಡಿ ಎನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು. ಊಟವನ್ನು ನಿಂತೇ ಮುಗಿಸುವವನು. ಮಾತಾಡುವವರ ವಾಕ್ಯವನ್ನು ಅವರಿಗಿಂತ ಮೊದಲು ತಾನೇ ಮುಗಿಸುವವನು. ಆದರೆ ಕೆಟ್ಟವನಲ್ಲ. ಹೊರಗಿನ ಬೆಂಚಿನ ಮೇಲೆ ಕಾಲು ಕಳೆದುಕೊಂಡವರು ಸರದಿಗಾಗಿ ತಿಂಗಳುಗಟ್ಟಲೆ ಕಾಯುತ್ತಿರುವಾಗ ನಿಧಾನವೆಂಬುದು ಅವನ ಕಣ್ಣಿಗೆ ಪಾಪದಂತೆ ಕಾಣುತ್ತಿತ್ತು.

ಕೆಲಸವನ್ನು ಎಳೆಯುತ್ತಿದ್ದುದು ಮೂಲೆಯ ಹಳೆಯ ಕಂಪ್ಯೂಟರು. ಮೊಂಡಾದ ಕಾಲಿನ ಆಕಾರವನ್ನು ಸ್ಕ್ಯಾನರಿನಿಂದ ತೆಗೆದು ಅದಕ್ಕೆ ಕೊಟ್ಟರೆ, ಎಲ್ಲಿ ಬಿಗಿಯಿರಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ಲೆಕ್ಕ ಹಾಕಿ ಅದೊಂದು ಅಚ್ಚನ್ನು ರೂಪಿಸುತ್ತದೆ. ಪಕ್ಕದ ಕೊರೆಯುವ ಯಂತ್ರ ಆ ಅಚ್ಚನ್ನು ಪ್ಲಾಸ್ಟರಿನಲ್ಲಿ ಕಡೆಯುತ್ತದೆ. ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಕಾಲು ಕೂರುವ ಬಟ್ಟಲು ತಯಾರು. ಒಂದು ಲೆಕ್ಕಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಹೊಸ ಕಂಪ್ಯೂಟರು ಕೇಳಿ ಕೇಳಿ ಬಾಯಿ ಒಣಗಿದ ಮೇಲೆ ಅವನೇ ಹಳೆಯದನ್ನು ಓವರ್‌ಕ್ಲಾಕ್ ಮಾಡಲು ಕೂತ. ಅಂದರೆ ಅದರ ಪ್ರೊಸೆಸರನ್ನು, ಮಾಡಿದವರು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ವಿಡಿಯೋ ನೋಡಿ ಕಲಿತ. ದೊಡ್ಡ ಫ್ಯಾನು ಕೂರಿಸಿದ. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ಗೆ ಹೋಗಿ ವೇಗವನ್ನು ಒಂದು ಮೆಟ್ಟಿಲು, ವೋಲ್ಟೇಜನ್ನು ಒಂದು ಚೂರು ಏರಿಸಿದ. ಓಡಿತು. ಇನ್ನೊಂದು ಮೆಟ್ಟಿಲು ಏರಿಸಿದ. ಓಡಿತು. ಏರಿಸಿದಾಗಲೆಲ್ಲ ಪರೀಕ್ಷೆಯ ಪ್ರೋಗ್ರಾಮನ್ನು ಇಡೀ ರಾತ್ರಿ ಓಡಲು ಬಿಡಿ ಎಂದು ವಿಡಿಯೋದವನು ಸಾರಿ ಸಾರಿ ಹೇಳಿದ್ದ. ಗಡಿಬಿಡಿ ಅದನ್ನು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಓಡಿಸಿದ. ಕೊನೆಯ ಮೆಟ್ಟಿಲಿಗೆ ಅದನ್ನೂ ಮಾಡಲಿಲ್ಲ.

ಬೆಳಿಗ್ಗೆ ಶುರುವಾದ ಲೆಕ್ಕ ಎರಡನೇ ಚಹಾದ ಹೊತ್ತಿಗೇ ಮುಗಿಯತೊಡಗಿತು. ಹೊರಗಿನ ಬೆಂಚು ಅರ್ಧ ಖಾಲಿಯಾಯಿತು. “ಮುದಿ ಕುದುರೆ ಹೆಂಗೆ ಓಡ್ತಿದೆ ನೋಡಿ,” ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಈಗ ಅದು ಕೈಕೊಡುತ್ತಿತ್ತು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ. ಒಳಗೆಲ್ಲ ಪ್ಲಾಸ್ಟರಿನ ಬಿಳಿ ಧೂಳು, ಹಿಟ್ಟಿನ ಗಿರಣಿಯ ಹಾಗೆ. ಬ್ರಷ್ಷಿನಿಂದ ಗುಡಿಸಿದ, ಬ್ಲೋವರ್ ಹಿಡಿದ, ನಾಲ್ಕು ಸಲ ಸೀನಿದ. ಪ್ರೊಸೆಸರಿನ ನೆತ್ತಿಯ ಮೇಲೆ ಒಣಗಿ ಸುಣ್ಣವಾಗಿದ್ದ, ಶಾಖ ಎಳೆಯುವ ಪೇಸ್ಟನ್ನು ಕೆರೆದು ಹೊಸದು ಹಚ್ಚಿದ. ಮತ್ತೆ ಚಾಲೂ ಮಾಡಿದಾಗ ಶಾಖ ಇಳಿದಿತ್ತು. “ಹಾಂ, ಈಗ ದಾರಿಗೆ ಬಂದೆ,” ಎಂದ. ಆದರೂ ಯಾಕೋ ಮನಸ್ಸು ನಿಲ್ಲಲಿಲ್ಲ. ತಿಂಗಳುಗಳ ಹಿಂದೆ ಬಿಟ್ಟಿದ್ದ ಪರೀಕ್ಷೆಯ ಪ್ರೋಗ್ರಾಮನ್ನು ತೆರೆದ. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಅದು ಪ್ರೊಸೆಸರಿನಿಂದ ಮಾಡಿಸಿ ತಾಳೆ ನೋಡುತ್ತದೆ. ಫ್ಯಾನು ಗುಂಯ್‌ಗುಟ್ಟಿತು. ನಾಲ್ಕು ಸಾಲುಗಳು ಹಸಿರಾಗಿ ಓಡಿದವು. ಆಮೇಲೆ ಅವುಗಳಲ್ಲೊಂದು ಕೆಂಪಾಗಿ ನಿಂತಿತು: ಲೆಕ್ಕ ತಪ್ಪಿದೆ.

ಪರದೆ ಕಪ್ಪಾಗಲಿಲ್ಲ, ಏನೂ ನಿಲ್ಲಲಿಲ್ಲ. ಉಳಿದ ಮೂರು ಸಾಲುಗಳು ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇದ್ದವು. ಗಡಿಬಿಡಿಯ ಮೊಣಕಾಲು ಕುಣಿಯುವುದು ನಿಂತಿತು. ಕೆಟ್ಟು ನಿಂತರೆ ಗೊತ್ತಾಗುತ್ತದೆ. ನಿಲ್ಲದೆ, ತಪ್ಪು ಉತ್ತರವನ್ನೇ ಸರಿಯೆಂದು ಕೊಟ್ಟು ಮುಂದೆ ಹೋಗುತ್ತಿದ್ದರೆ? ಎಷ್ಟು ದಿನದಿಂದ? ಯಾರ್ಯಾರ ಕಾಲಿಗೆ?

ಮೊದಲು ನೆನಪಾದವಳು ಟಪಾಲಕ್ಕ.

ಬೀದಿ ಬೀದಿಗೆ ಟಪಾಲು ಹಂಚುತ್ತಿದ್ದ ಆ ಹೆಂಗಸಿಗೆ ಜನ ಇಟ್ಟ ಹೆಸರು ಅದು. ತಿರುವಿನಲ್ಲಿ ಲಾರಿಯೊಂದು ಅವಳ ಸೈಕಲ್ಲಿನ ಮೇಲೆ ಹರಿದು ಮೊಣಕಾಲಿನ ಕೆಳಗೆ ಕಾಲು ಹೋಗಿತ್ತು. ಹೊಸ ಕಾಲು ಕೊಟ್ಟ ಮೇಲೆ ಎರಡು ಸಲ ಬಂದಿದ್ದಳು. “ಇಲ್ಲಿ, ಸರ್. ಬೆರಳಿಟ್ಟು ತೋರಿಸ್ತೀನಿ ನೋಡಿ. ಮೆಟ್ಟಿಲು ಹತ್ತುವಾಗ ಚಾಕು ಇಟ್ಟ ಹಾಗಾಗುತ್ತೆ,” ಎಂದಿದ್ದಳು. ಅವನು ಬಟ್ಟಲಿನೊಳಗೆ ಕೈ ಹಾಕಿದ್ದ. ಒಳಗೆ ಅಂಟಿಸಿದ ಮೆತ್ತೆ ನುಣುಪಾಗಿತ್ತು. ಬೆರಳಿಗೆ ಏನೂ ಸಿಗಲಿಲ್ಲ. ಪರದೆಯಲ್ಲಿ ಅವಳ ಅಚ್ಚಿನ ಲೆಕ್ಕವೂ ಎಲ್ಲ ಹಸಿರು. ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು. “ಕಾಲು ಸರಿಯಾಗೇ ಇದೆ ಅಕ್ಕಾ. ನೋವಿರೋದು ನಿಮ್ಮ ತಲೇಲಿ. ಭಯ ಬಿಟ್ಟು ನಡೀರಿ, ಎಲ್ಲ ಸರಿಹೋಗುತ್ತೆ,” ಎಂದಿದ್ದ. ಮಾತು ಬೇಗ ಮುಗಿಯಲೆಂದು ಅವಳಿಗಿಂತ ಹೆಚ್ಚಾಗಿ ಅವಳ ಗಂಡನ ಕಡೆ ನೋಡಿ ಹೇಳಿದ್ದ. ಗಂಡ ದರ್ಜಿ. “ಹೊಸ ಬಟ್ಟೇನೂ ಮೊದಮೊದಲು ಹಿಡಿಯುತ್ತಲ್ವಾ ಸರ್,” ಎಂದು ನಕ್ಕು ತಲೆಯಾಡಿಸಿದ್ದ.

ಅವರಿಬ್ಬರೂ ಅವತ್ತು ಮಧ್ಯಾಹ್ನವೇ ಮತ್ತೆ ಬರುವವರಿದ್ದರು.

ಗಡಿಬಿಡಿ ಪ್ರೊಸೆಸರಿನ ವೇಗವನ್ನು ಮೊದಲಿನಷ್ಟಕ್ಕೇ ಇಳಿಸಿದ. ಟಪಾಲಕ್ಕನ ಹಳೆಯ ಸ್ಕ್ಯಾನನ್ನೇ ತೆರೆದು, ಅದೇ ಅಳತೆಗಳನ್ನು ಕೊಟ್ಟು, ಹೊಸದಾಗಿ ಲೆಕ್ಕಕ್ಕೆ ಹಚ್ಚಿದ. ಆಮೆಯಂತೆ ತೆವಳಿತು ಅದು. ಅಷ್ಟು ಹೊತ್ತೂ ಅವನು ಒಂದು ಕಡೆ ನಿಲ್ಲಲಿಲ್ಲ. ಉಳಿಗಳನ್ನು ಮಸೆದ, ಮಸೆದದ್ದನ್ನೇ ಮತ್ತೆ ಮಸೆದ. ನೀರು ಕುಡಿಯಲು ಹೋಗಿ ಕುಡಿಯದೆ ಬಂದ. ಊಟದ ಡಬ್ಬಿ ತೆರೆದು ಮುಚ್ಚಿದ. ಕೊನೆಗೆ ಲೆಕ್ಕ ಮುಗಿದಾಗ ಹಳೆಯ ಆಕಾರದ ಮೇಲೆ ಹೊಸದನ್ನು ಇಟ್ಟು ನೋಡಿದ. ಎರಡೂ ಒಂದೇ ಇದ್ದ ಕಡೆ ಬೂದು ಬಣ್ಣ. ಬೇರೆಯಾದ ಕಡೆ ಕೆಂಪು. ಮುಂಭಾಗವೆಲ್ಲ ಬೂದು. ತಿರುಗಿಸಿದ. ಹಿಂಬದಿಯಲ್ಲಿ, ಒಳಮಗ್ಗುಲಿಗೆ, ಒಂದು ಬೆರಳುದ್ದದ ಕೆಂಪು ಗೆರೆ.

ಟಪಾಲಕ್ಕ ಬೆರಳಿಟ್ಟು ತೋರಿಸಿದ್ದು ಅಲ್ಲೇ.

ಮೊದಲು ಹೊಳೆದದ್ದು ಸುಲಭದ ದಾರಿ. ಸರಿಯಾದ ಆಕಾರ ಈಗ ಕೈಯಲ್ಲಿದೆ. ಸ್ವಲ್ಪ ಅಳತೆ ಬದಲಾಯಿಸಿದೆ ಎಂದು ಹೇಳಿ ಹೊಸ ಬಟ್ಟಲು ಮಾಡಿಕೊಟ್ಟರೆ ಆಯಿತು. ಕಂಪ್ಯೂಟರಿನ ಸಂಗತಿ ಯಾರಿಗೆ ಗೊತ್ತಾಗುತ್ತದೆ? ಗೊತ್ತಾದರೂ ಯಾರಿಗೆ ಅರ್ಥವಾಗುತ್ತದೆ? ಹೀಗೆಂದುಕೊಳ್ಳುತ್ತಿರುವಾಗಲೇ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು.

ಅವಳು ಕಾಲು ಹಾಕಿಕೊಂಡಿರಲಿಲ್ಲ. ಗಂಡ ಅದನ್ನು ಬಟ್ಟೆಯ ಚೀಲದಲ್ಲಿಟ್ಟು ಹೆಗಲಿಗೆ ನೇತುಹಾಕಿಕೊಂಡಿದ್ದ.

“ಹಾಕ್ಕೊಂಡು ಬರಲಿಲ್ವಾ ಅಕ್ಕಾ?”

“ಆಗಲ್ಲ ಸರ್.” ಅವಳು ಬೆಂಚಿನ ಮೇಲೆ ಕೂತು ಬಟ್ಟೆ ಸರಿಸಿದಳು. ಅದೇ ಜಾಗದಲ್ಲಿ ಚರ್ಮ ಕಿತ್ತು ಹಸಿ ಗಾಯವಾಗಿತ್ತು.

“ಹೋದ ವಾರ ಮತ್ತೆ ಕೆಲಸಕ್ಕೆ ಸೇರೋಕೆ ಅಂಚೆ ಕಚೇರೀಲಿ ಮೆಟ್ಟಿಲು ಹತ್ತಿ ತೋರಿಸೋದಿತ್ತು ಸರ್,” ಎಂದ ದರ್ಜಿ, ಹೆಂಡತಿಯ ಪರವಾಗಿ ಕ್ಷಮೆ ಕೇಳುವವನ ದನಿಯಲ್ಲಿ. “ಸಾಹೇಬರ ಮುಂದೆ. ಅರ್ಧ ಹತ್ತಿ ಕೂತ್ಬಿಟ್ಲು. ಇವಳ ಬೀದಿಗಳನ್ನೆಲ್ಲ ಬೇರೆಯವರಿಗೆ ಕೊಟ್ಬಿಟ್ರು. ಇನ್ಮೇಲೆ ಒಳಗೆ ಕೂತು ಟಪಾಲು ವಿಂಗಡಿಸಬೇಕಂತೆ. ನೀವು ಹೇಳಿದ್ದನ್ನೇ ನಾನೂ ದಿನಾ ಹೇಳ್ದೆ. ತಲೇಲಿರೋ ನೋವು, ಧೈರ್ಯ ಮಾಡು ಅಂತ. ಕೇಳಬೇಕಲ್ಲ.”

ಬೀದಿಗಳ ವಿಷಯ ಗಡಿಬಿಡಿಗೆ ಗೊತ್ತಿರಲಿಲ್ಲ. “ಸ್ವಲ್ಪ... ಅಳತೆ ಬದಲಾಯಿಸಿ ಇನ್ನೊಂದು ಮಾಡಿಕೊಡ್ತೀನಿ,” ಎಂದುಬಿಟ್ಟ.

“ನೋಡು, ನಿನ್ನ ಹಟಕ್ಕೆ ಅವರಿಗೆಷ್ಟು ತೊಂದರೆ,” ಎಂದ ದರ್ಜಿ ಹೆಂಡತಿಗೆ. “ಥ್ಯಾಂಕ್ಸ್ ಹೇಳು.”

ಅವಳು ನೆಲ ನೋಡುತ್ತಲೇ, “ಥ್ಯಾಂಕ್ಸ್ ಸರ್,” ಎಂದಳು.

“ಬೇಡ,” ಎಂದ ಗಡಿಬಿಡಿ. ಅವನ ದನಿ ಅವನಿಗೇ ಜೋರಾಗಿ ಕೇಳಿಸಿತು. “ಥ್ಯಾಂಕ್ಸ್ ಬೇಡ. ತಪ್ಪು ನಂದು. ಇಲ್ಲಿ ನೋಡಿ, ಇಬ್ಬರೂ ನೋಡಿ.” ಪರದೆಯನ್ನು ಅವರ ಕಡೆ ತಿರುಗಿಸಿದ. “ಈ ಕಂಪ್ಯೂಟರು ನಿಧಾನ ಅಂತ ನಾನು ಅದನ್ನ ಶಕ್ತಿಮೀರಿ ಓಡಿಸ್ದೆ. ಓಡ್ತಾ ಓಡ್ತಾ ಲೆಕ್ಕ ತಪ್ಪಿದೆ. ತಪ್ಪುತ್ತಾ ಅಂತ ಪರೀಕ್ಷೆ ಮಾಡಿ ನೋಡಬೇಕಿತ್ತು, ನೋಡಲಿಲ್ಲ. ಈ ಕೆಂಪು ಗೆರೆ ಇದೆಯಲ್ಲ, ಇಲ್ಲಿ ಅಚ್ಚು ತಗ್ಗಾಗಿಬಿಟ್ಟಿದೆ. ಅಚ್ಚು ತಗ್ಗಾದ ಕಡೆ ಬಟ್ಟಲಿನೊಳಗೆ ಉಬ್ಬಿದ ಏಣು ಬರುತ್ತೆ.”

ಟಪಾಲಕ್ಕ ಪರದೆಯನ್ನು ನೋಡಿದಳು.

“ಹಾಗಾದ್ರೆ ಏಣಿತ್ತು.”

“ಇತ್ತು.”

“ತಲೇಲಲ್ಲ.”

“ತಲೇಲಲ್ಲ ಅಕ್ಕಾ. ಕಾಲಲ್ಲಿ.”

ಅವಳು ಗಂಡನ ಕಡೆ ತಿರುಗಿದಳು. “ಕೇಳಿಸ್ಕೊಂಡ್ರಾ?”

“ಹೂಂ,” ಎಂದ ದರ್ಜಿ. ಚೀಲದ ಹಿಡಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

“ಮೆಟ್ಟಿಲ ಮೇಲೆ ಕೂತ್ಕೊಂಡಾಗ ಕೆಳಗೆ ನಿಂತೋರೆಲ್ಲ ನೋಡ್ತಿದ್ರು ಸರ್,” ಎಂದಳು ಅವಳು. “ಆಗಲೂ ನನಗೆ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೇಲೇ ಬಂತು. ಇಂಥ ಹೆದರುಪುಕ್ಕಲಿ ಆಗಿಬಿಟ್ನಲ್ಲಾ ಅಂತ.”

“ನಾನೇ ಅಂಚೆ ಕಚೇರಿಗೆ ಬಂದು ಹೇಳ್ತೀನಿ.”

“ಬನ್ನಿ. ಅದೇ ಮೆಟ್ಟಿಲ ಹತ್ರ ನಿಂತು ಹೇಳಿ. ಬೀದಿ ವಾಪಸ್ ಕೊಡ್ತಾರಾ?”

ಗಡಿಬಿಡಿ ಅವಳ ಗಾಯದ ಕಡೆ ನೋಡಿದ. “ಗಾಯ ಮಾಯೋ ತನಕ ಯಾವ ಕಾಲನ್ನೂ ಹಾಕ್ಕೋಬೇಡಿ. ಅಷ್ಟರಲ್ಲಿ ಹೊಸದು ಮಾಡಿಟ್ಟಿರ್ತೀನಿ. ಇವತ್ತೇ ಅಚ್ಚು ಕೊರೆಯೋಕೆ ಹಾಕ್ತೀನಿ,” ಎಂದು ಯಂತ್ರದ ಕಡೆ ಹೊರಟ.

“ನಿಲ್ಲಿ,” ಎಂದಳು ಟಪಾಲಕ್ಕ. “ಇದೂ ಅದೇ ಕಂಪ್ಯೂಟರ್ ಹೇಳಿದ್ದು ತಾನೆ? ಇನ್ನೊಂದ್ಸಲ ಲೆಕ್ಕ ಹಾಕಿಸಿ. ಎರಡೂ ಒಂದೇ ಬರುತ್ತಾ ನೋಡೋಣ.”

“ಈಗ ನಿಧಾನ ಆಗುತ್ತೆ ಅಕ್ಕಾ. ಕತ್ತಲಾಗುತ್ತೆ.”

“ಆಗ್ಲಿ. ಕೂತಿರ್ತೀನಿ.”

ಅವನು ಮತ್ತೆ ಲೆಕ್ಕಕ್ಕೆ ಹಚ್ಚಿದ. ಲೆಕ್ಕ ಎಷ್ಟಾಯಿತೆಂದು ತೋರಿಸುವ, ಪರದೆಯ ಕೆಳಗಿನ ಪಟ್ಟಿ ಕಾಣಿಸಿಯೂ ಕಾಣದಷ್ಟು ತುಂಬಿ ನಿಂತಿತು. ಆಮೇಲೆ ಚೀಲದಿಂದ ಕಾಲನ್ನು ತೆಗೆಸಿ, ಬಟ್ಟಲಿನೊಳಗೆ ಏಣನ್ನು ಮುಚ್ಚಿದ್ದ ಮೆತ್ತೆಯನ್ನು ಉಳಿಯಿಂದ ಎಬ್ಬಿಸಿ ಕಿತ್ತುಹಾಕಿ, ಬೆಂಚಿನ ಮೇಲಿಟ್ಟ. ಕೊನೆಯ ಮೆಟ್ಟಿಲು ಏರಿಸಿದ ಮೇಲೆ ಕಾಲು ಕೊಟ್ಟಿದ್ದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದ. “ಎಲ್ಲಾದ್ರೂ ಒತ್ತುತ್ತಾ? ಇಲ್ಲ ಇಲ್ಲ, ನನಗೆ ಅವಸರ ಏನೂ ಇಲ್ಲ. ಯೋಚನೆ ಮಾಡಿ ಹೇಳಿ.” ಆ ಕಡೆಯವರು ಹೇಳುವ ತನಕ ಕೇಳಿಸಿಕೊಳ್ಳುವುದು ಅವನಿಗೆ ಕಷ್ಟವಾಗುತ್ತಿತ್ತು. ತುಟಿ ಕಚ್ಚಿಕೊಂಡು ಕೇಳಿಸಿಕೊಂಡ. ಒಬ್ಬ ಮುದುಕ ತನ್ನ ಕಾಲಿನಿಂದ ಶುರುಮಾಡಿ ಸೊಸೆಯ ಜಗಳದ ತನಕ ಹೋದ. ಅದನ್ನೂ ಕೇಳಿಸಿಕೊಂಡ.

ಟಪಾಲಕ್ಕ ಗೋಡೆಗೆ ಒರಗಿ, ಪಟ್ಟಿಯ ಮೇಲಿಂದ ಕಣ್ಣು ಕೀಳದೆ ಕೂತಿದ್ದಳು. ಗಂಡ ಅವಳಿಂದ ಒಂದಿಷ್ಟು ದೂರ ಬಿಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದ. ಆಮೇಲೆ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಬಟ್ಟಲಿನೊಳಗೆ ಕೈಯಿಳಿಸಿದ. ಹೆಬ್ಬೆರಳು ಬರಿಯ ಪ್ಲಾಸ್ಟಿಕ್ಕಿನ ಗೋಡೆಯನ್ನು ಸವರುತ್ತ ಮೆಲ್ಲಗೆ ಸುತ್ತು ಹಾಕಿತು. ಹಿಂಬದಿಯ ಒಳಮಗ್ಗುಲಿಗೆ ಬಂದಾಗ ನಿಂತಿತು. ಅವನು ಕೈಯನ್ನು ಹೊರಗೆ ತೆಗೆಯಲಿಲ್ಲ.